ಏಳನೇ ಮನೆಯ ಬಿಲ್ಲೆ

ಸಭೆಯ ಅಧ್ಯಕ್ಷರೇ, ಅಗ್ನಿಶಾಮಕ ಠಾಣೆಯ ಹಿರಿಯ ಅಧಿಕಾರಿಗಳೇ, ವೇದಿಕೆಯ ಮೇಲೆ ಬನ್ನಿ ಎಂದು ಎಷ್ಟು ಕರೆದರೂ ಒಪ್ಪದೆ ಕೆಳಗೆ ಮೊದಲ ಸಾಲಿನಲ್ಲೇ ಕುಳಿತಿರುವ ಠಾಣೆಯ ಸಿಬ್ಬಂದಿಯವರೇ, ಎದುರು ಬೇಕರಿಯ ಅಣ್ಣತಮ್ಮಂದಿರೇ, ನರ್ಸಮ್ಮನವರೇ, ಶಾಲಾ ವ್ಯಾನಿನ ಚಾಲಕರೇ, ನಮ್ಮ ಕಟ್ಟಡದ ಹನ್ನೆರಡು ಮನೆಗಳ ನೆರೆಹೊರೆಯವರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ಸನ್ಮಾನಿತರ ಪರವಾಗಿ ಎರಡು ಮಾತು ಆಡಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಕೊಟ್ಟಿದ್ದಾರೆ. ಜೊತೆಗೆ ಐದೇ ನಿಮಿಷ ಎಂದು ಕಿವಿಯಲ್ಲಿ ಹೇಳಿದ್ದಾರೆ. ನಾನು ನಲವತ್ತು ವರ್ಷ ಬೋರ್ಡು ಬರೆದು ಬದುಕಿದವನು. ನನ್ನ ಮಾತನ್ನು ಜನ ಕತ್ತೆತ್ತಿ ನೋಡಿದ್ದು ಅಂಗಡಿಗಳ ನೆತ್ತಿಯ ಮೇಲೆ ಮಾತ್ರ. ನನ್ನ ಹಿಂದೆ ಕಟ್ಟಿರುವ ಬಟ್ಟೆಯ ಮೇಲಿನ ‘ಕೃತಜ್ಞತಾ ಸಮಾರಂಭ’ ಎಂಬ ಅಕ್ಷರಗಳೂ ನನ್ನವೇ. ‘ಕೃ’ ಅಕ್ಷರದ ಬಾಲ ಸ್ವಲ್ಪ ಉದ್ದವಾಗಿದೆ, ಬಲ್ಲವರು ಕ್ಷಮಿಸಬೇಕು. ಕೈ ಮೊದಲಿನ ಹಾಗಿಲ್ಲ. ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ, ಓದುತ್ತೇನೆ.

ಮೂರು ತಿಂಗಳ ಹಿಂದೆ, ಒಂದು ಬುಧವಾರ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ನಮ್ಮ ಕಟ್ಟಡಕ್ಕೆ ಬೆಂಕಿ ಬಿತ್ತು. ಮೊದಲ ಮಹಡಿಯ ಐದನೇ ಮನೆಯ ಸ್ವಿಚ್ ಪೆಟ್ಟಿಗೆಯಲ್ಲಿ ಹೊತ್ತಿದ ಕಿಡಿ ಹತ್ತು ನಿಮಿಷದಲ್ಲಿ ಮೆಟ್ಟಿಲನ್ನು ಹೊಗೆಯ ಕೊಳವೆ ಮಾಡಿತು. ಆ ಹೊತ್ತಿನಲ್ಲಿ ಬಂದವರು ಯಾರು? ಯಾರೂ ಕರೆಯದೆ ಬಂದವರು ಯಾರು? ಬೇಕರಿಯ ಅಣ್ಣ ಒಲೆಯೊಳಗಿನ ತಟ್ಟೆಗಳನ್ನು ಹಾಗೇ ಬಿಟ್ಟು, ಹಿಟ್ಟಿನ ಖಾಲಿ ಗೋಣಿಚೀಲಗಳನ್ನು ನೀರಿನಲ್ಲಿ ಅದ್ದಿ ಹೊತ್ತು ತಂದರು. ಆ ದಿನದ ಬ್ರೆಡ್ಡೆಲ್ಲ ಇದ್ದಿಲಾಯಿತು. ನರ್ಸಮ್ಮನವರು ಪಾಳಿ ಮುಗಿಸಿ ಮನೆಗೆ ಹೊರಟಿದ್ದವರು ಬೀದಿಯಲ್ಲೇ ಕೂತು, ಒಂಬತ್ತನೇ ಮನೆಯ ಮೇಷ್ಟರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಬೇಡಿ ಎಂದು ಅವರನ್ನು ಬೈದರು. ಬೈದರು ಎಂದರೆ ಸುಮ್ಮನೆ ಅಲ್ಲ. ಮೇಷ್ಟರೇ ಹೇಳುತ್ತಾರೆ, ತನ್ನ ಐವತ್ತು ವರ್ಷದ ಸಂಸಾರದಲ್ಲೂ ಅಷ್ಟು ಬೈಸಿಕೊಂಡಿರಲಿಲ್ಲ ಅಂತ. ವ್ಯಾನಿನ ಚಾಲಕರು ಶಾಲೆಯಿಂದ ಬಂದ ನಮ್ಮ ಮಕ್ಕಳನ್ನು ಇಳಿಸಲಿಲ್ಲ. ವ್ಯಾನನ್ನು ಬೀದಿ ತಿರುವಿಗೆ ಒಯ್ದು, ಕಿಟಕಿ ಮುಚ್ಚಿ, ಮಕ್ಕಳಿಂದ ಗಟ್ಟಿಯಾಗಿ ಮಗ್ಗಿ ಹೇಳಿಸಿದರು. ಇಲ್ಲಿ ಗಾಜು ಒಡೆಯುತ್ತಿತ್ತು, ಅಲ್ಲಿ ಮಕ್ಕಳು ಹದಿಮೂರರ ಮಗ್ಗಿಯಲ್ಲಿ ತಡವರಿಸುತ್ತಿದ್ದರು.

ಇನ್ನು ಅಗ್ನಿಶಾಮಕ ದಳದವರು. ಅವರಿಗೆ ಏನೆಂದು ಹೇಳಲಿ? ಇದು ನಮ್ಮ ಕೆಲಸ ಎನ್ನುತ್ತಾರೆ. ಉರಿಯುವ ಮನೆಯ ಕಡೆಗೆ ಓಡುವುದು ಒಬ್ಬ ಮನುಷ್ಯನ ಕೆಲಸವಾದದ್ದು ಹೇಗೆ ಎಂದು ನಾನು ಈ ಮೂರು ತಿಂಗಳಲ್ಲಿ ಬಹಳ ಸಲ ಯೋಚಿಸಿದ್ದೇನೆ.

ಸನ್ಮಾನಿತರು ಎಂಟು ಮಂದಿ. ಎಂಟನೆಯವನು ನಾನು. ನಾನು ಬೆಂಕಿ ಆರಿಸಲಿಲ್ಲ, ಯಾರನ್ನೂ ಹೊತ್ತು ತರಲಿಲ್ಲ. ನನ್ನನ್ನು ಸೇರಿಸಿದ್ದು ಒಂದು ಬೋರ್ಡಿನ ಸಲುವಾಗಿ. ಪತ್ರಿಕೆಯಲ್ಲಿ ಅದರ ಚಿತ್ರ ನೋಡಿದ್ದೀರಿ. ನೋಡದವರಿಗೆ ಹೇಳುತ್ತೇನೆ.

ನಾನು ಹುಡುಗನಾಗಿದ್ದಾಗ ಒಂದು ಗಿರಣಿಯಲ್ಲಿ ಕೆಲಸಕ್ಕಿದ್ದೆ. ಗೇಟಿನ ಬಳಿ ಪ್ರತಿಯೊಬ್ಬ ಕೆಲಸಗಾರನಿಗೂ ಒಂದು ಬಿಲ್ಲೆ ನೇತುಹಾಕಿರುತ್ತಿದ್ದರು. ಒಳಗೆ ಹೋಗುವಾಗ ಒಂದು ಮಗ್ಗುಲು, ಹೊರಗೆ ಬರುವಾಗ ಇನ್ನೊಂದು ಮಗ್ಗುಲು. ಒಳಗೆ ಯಾರಿದ್ದಾರೆ ಎಂಬುದು ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಕೆಲಸದಿಂದ ಬಿಡುವಾದ ಮೇಲೆ ನಮ್ಮ ಕಟ್ಟಡದ ಬಾಗಿಲಲ್ಲಿ, ನನ್ನ ಮನೆಯ ಎದುರಿಗೇ, ಅಂಥದ್ದೊಂದು ಮಾಡಿ ತೂಗುಹಾಕಿದೆ. ಹನ್ನೆರಡು ಮೊಳೆ, ಹನ್ನೆರಡು ಮರದ ಬಿಲ್ಲೆ. ಒಂದು ಕಡೆ ಹಸಿರಿನಲ್ಲಿ ‘ಒಳಗೆ’, ಇನ್ನೊಂದು ಕಡೆ ಕೆಂಪಿನಲ್ಲಿ ‘ಹೊರಗೆ’. ಅಂಚೆಯವರು ಮೆಟ್ಟಿಲು ಹತ್ತಿ ಬಾಗಿಲು ಬಡಿದು ವಾಪಸು ಬರುವುದು ತಪ್ಪಿತು. ಗ್ಯಾಸಿನವರು ನನಗೆ ಕೈಮುಗಿದರು.

ತೊಂದರೆಯೂ ಇತ್ತು. ಹನ್ನೆರಡನೇ ಮನೆಯವರು ಭಾನುವಾರ ಪೂರ್ತಿ ‘ಹೊರಗೆ’ ಹಾಕಿ ಮಲಗುತ್ತಿದ್ದರು. ಮೇಷ್ಟರ ಮನೆಯಾಕೆ ‘ಇದ್ದೇವೆ, ಆದರೆ ಬರಬೇಡಿ’ ಎಂದು ಮೂರನೆಯದೊಂದು ಬಿಲ್ಲೆ ಬರೆದುಕೊಡಿ ಎಂದರು. ಒಮ್ಮೆ ಮಕ್ಕಳು ಹನ್ನೆರಡನ್ನೂ ಕೆಂಪಿಗೆ ತಿರುಗಿಸಿದರು, ಅಂಚೆಯವರು ಇಡೀ ಕಟ್ಟಡದ ಕಾಗದ ವಾಪಸು ಒಯ್ದರು. ಅಂದಿನಿಂದ ನಾನು ಬೋರ್ಡಿನ ಕಾವಲಿಗೆ ಕೂತೆ. ಯಾರು ಹೋದರು, ಯಾರು ಬಂದರು, ಯಾರು ತಿರುಗಿಸಲು ಮರೆತರು. ಮರೆತವರದ್ದನ್ನು ನಾನೇ ತಿರುಗಿಸುತ್ತಿದ್ದೆ. ಅದು ಸೇವೆ ಎಂದುಕೊಂಡಿದ್ದೆ.

ಬೆಂಕಿಯ ದಿನ ನಾನು ಮನೆಯಿಂದ ಬೇರೇನನ್ನೂ ತರಲಿಲ್ಲ. ಬೋರ್ಡನ್ನು ಮೊಳೆಯಿಂದ ಕಿತ್ತು, ಬಿಲ್ಲೆಗಳು ಅಲುಗದ ಹಾಗೆ ಎದೆಗೆ ಒತ್ತಿ ಹಿಡಿದು ಬೀದಿಗೆ ಓಡಿದೆ. ಅಧಿಕಾರಿಗಳು ಒಳಗೆ ಯಾರಿದ್ದಾರೆ ಎಂದು ಕೇಳಿದಾಗ ಬೋರ್ಡು ತಿರುಗಿಸಿ ತೋರಿಸಿದೆ. ನನ್ನದನ್ನು ಬಿಟ್ಟರೆ ನಾಲ್ಕು ಬಿಲ್ಲೆ ಹಸಿರು. ನಾಲ್ಕು, ಎಂಟು, ಒಂಬತ್ತು, ಹನ್ನೊಂದು. ಆ ನಾಲ್ಕು ಮನೆಗಳಿಂದ ಒಂಬತ್ತು ಜೀವ ಕೆಳಗೆ ಬಂದವು. ಹನ್ನೊಂದನೇ ಮನೆಯ ಮಗು ಈಗ ಇಲ್ಲೇ ಮೂರನೇ ಸಾಲಿನಲ್ಲಿ ತಾಯಿಯ ಸರ ಎಳೆಯುತ್ತಿದೆ. ಈ ಎಲ್ಲರ ಪರವಾಗಿ, ಎಲ್ಲರಿಗೂ ನಾನು ಋಣಿ.

ಬರೆದುಕೊಂಡು ಬಂದದ್ದು ಇಲ್ಲಿಗೆ ಮುಗಿಯಿತು.

ಅಧ್ಯಕ್ಷರು ಕೈ ತಟ್ಟಲು ಸಿದ್ಧರಾಗಿದ್ದಾರೆ. ಸ್ವಲ್ಪ ತಡೆಯಬೇಕು. ಕೂರೋಣ ಎಂದೇ ತಿರುಗಿದೆ. ಆದರೆ ಹಿಂದಿನ ಬಾಗಿಲ ಹತ್ತಿರ ಒಬ್ಬರು ಬಂದು ನಿಂತಿದ್ದಾರೆ, ಸಮವಸ್ತ್ರವಿಲ್ಲದೆ, ಮಾಮೂಲಿ ಅಂಗಿಯಲ್ಲಿ. ಅವರನ್ನು ನೋಡಿದ ಮೇಲೆ ಕೂರುವುದಕ್ಕೆ ನನ್ನಿಂದ ಆಗುತ್ತಿಲ್ಲ. ಠಾಣೆಯ ಜೊತೆಗಾರರು ಅವರನ್ನು ‘ಏಣಿ’ ಎಂದು ಕರೆಯುತ್ತಾರೆ. ಅಷ್ಟು ಎತ್ತರ. ನಾನೂ ಹಾಗೇ ಕರೆಯುತ್ತೇನೆ, ಅವರು ಬೇಜಾರು ಮಾಡಿಕೊಳ್ಳಬಾರದು. ಸನ್ಮಾನದ ಎಂಟು ಮಂದಿಯಲ್ಲಿ ಅವರಿಲ್ಲ. ಯಾಕಿಲ್ಲ ಎಂಬುದು ಇಲ್ಲಿರುವವರಿಗೆಲ್ಲ ಗೊತ್ತು. ಏಳನೇ ಮನೆಯನ್ನು ನೋಡದೆ ಬಿಟ್ಟವರು ಅವರು. ಏಳನೇ ಮನೆಯಲ್ಲಿದ್ದವಳು ನನ್ನ ತಂಗಿ.

ನನ್ನ ತಂಗಿಯ ವಿಷಯ ಹೇಳಬೇಕು. ಗಂಡ ಹೋದ ಮೇಲೆ, ಮಗಳು ಇನ್ನೂ ಓದುತ್ತಿದ್ದಾಗ, ನನ್ನ ತಂಗಿ ಪೇಟೆಬೀದಿಯಲ್ಲಿ ಒಂದು ಹೊಲಿಗೆ ಅಂಗಡಿ ಇಡುತ್ತೇನೆ ಎಂದಳು. ಬೇಡ ಎಂದವನು ನಾನು. ನನ್ನ ಕಣ್ಣಳತೆಯಲ್ಲಿ ಇರಲಿ ಎಂದು ನಮ್ಮ ಕಟ್ಟಡದಲ್ಲೇ, ಎರಡನೇ ಮಹಡಿಯಲ್ಲಿ, ಬಾಡಿಗೆಗೆ ಮನೆ ಹಿಡಿದುಕೊಟ್ಟೆ. ‘ಮನೇಲೇ ಹೊಲಿಯಮ್ಮ, ಅಂಗಡಿ ಯಾಕೆ?’ ಎಂದೆ. ‘ಬೀದಿ ನೋಡ್ಕೊಂಡು ಹೊಲಿಯೋ ಆಸೆ ಅಣ್ಣ, ಅಷ್ಟೇ’ ಎಂದಳು. ಊರಿನ ಅರ್ಧ ಅಂಗಡಿಗಳಿಗೆ ಬೋರ್ಡು ಬರೆದ ನಾನು ಅವಳಿಗೊಂದು ಬರೆದುಕೊಡಲಿಲ್ಲ. ಹನ್ನೊಂದು ವರ್ಷ ಅವಳು ಗೋಡೆ ನೋಡಿಕೊಂಡು ಬೇರೆಯವರ ಅಂಗಡಿಗೆ ಶಾಲೆಯ ಸಮವಸ್ತ್ರ ಹೊಲಿದಳು. ಮೆಟ್ಟಿಲ ಸಂದಿಯಲ್ಲಿ ಅವಳ ಮಿಷನ್ನಿನ ಸದ್ದು ಕೆಳಗಿನ ನನ್ನ ಮನೆಗೂ ಬರುತ್ತಿತ್ತು.

ಬೋರ್ಡಿನ ವಿಷಯದಲ್ಲಿ ನನಗೆ ದೊಡ್ಡ ತಲೆನೋವು ಅವಳೇ. ಒಂದು ದಿನವೂ ಬಿಲ್ಲೆ ಮುಟ್ಟಿದವಳಲ್ಲ. ಬಂದರೂ ಹೋದರೂ ‘ಒಳಗೆ’. ಬೈದರೆ ನಗುತ್ತಿದ್ದಳು. ‘ನಾನೆಲ್ಲಿದ್ದೀನಿ ಅಂತ ನನಗೇ ಗೊತ್ತಾಗ್ದಾಗ ಕೆಳಗೆ ಬಂದು ನಿನ್ನ ಬೋರ್ಡ್ ನೋಡ್ತೀನಿ ಬಿಡಣ್ಣ’ ಎನ್ನುತ್ತಿದ್ದಳು. ಆದ್ದರಿಂದ ಅವಳ ಬಿಲ್ಲೆ ತಿರುಗಿಸುವುದು ನನ್ನ ಪಾಲಿಗೇ ಬಿದ್ದಿತ್ತು. ಅವಳು ಹೋದಾಗ ನಾನು ತಿರುಗಿಸಬೇಕು, ಬಂದಾಗ ನಾನು ತಿರುಗಿಸಬೇಕು.

ಆ ಬುಧವಾರ ಮೂರು ಗಂಟೆಗೆ ಅವಳು ಹೊಲಿದ ಬಟ್ಟೆಯ ಚೀಲ ಹೊತ್ತು ಇಳಿದು ಬಂದಳು. ‘ಅಣ್ಣ, ಅಂಗಡಿಗೆ ಕೊಟ್ಟು ಬರ್ತೀನಿ’ ಎಂದು ಬಾಗಿಲಲ್ಲೇ ಕೂಗಿದಳು. ಬಸ್ಸಿನಲ್ಲಿ ಹೋಗಿ ಬರಲು ಒಂದೂವರೆ ಗಂಟೆ. ನಾನು ಎದ್ದು ಹೋಗಿ ಏಳನೇ ಬಿಲ್ಲೆಯನ್ನು ‘ಹೊರಗೆ’ ಮಾಡಿದೆ. ಒಳಗೆ ಬಂದು, ಹಿತ್ತಲ ನಲ್ಲಿಯ ಕೆಳಗೆ ಕುಂಚ ತೊಳೆಯಲು ಕೂತೆ. ಬಸ್ ನಿಲ್ದಾಣದಲ್ಲಿ ಪತ್ರಿಕೆ ಮಾರುವವನು ಆಮೇಲೆ ಹೇಳಿದ. ಅವಳು ಬಸ್ಸಿಗೆ ಕಾಯುತ್ತ ಚೀಲ ಬಿಚ್ಚಿ ನೋಡಿದಳಂತೆ. ಒಂದು ಅಂಗಿಗೆ ಗುಂಡಿಯೇ ಹಾಕಿರಲಿಲ್ಲ. ಹಣೆ ಚಚ್ಚಿಕೊಂಡು, ಅವನ ಮುಖ ನೋಡಿ ನಕ್ಕು, ವಾಪಸು ನಡೆದಳಂತೆ. ಅವಳು ಮೆಟ್ಟಿಲು ಹತ್ತಿದಾಗ ನಾನು ಹಿತ್ತಲಲ್ಲಿದ್ದೆ. ಮೇಲೆ ಮಿಷನ್ನಿನ ಸದ್ದು ಕೇಳಿತೇ? ಇದನ್ನು ನನ್ನನ್ನೇ ನಾನು ದಿನವೂ ಕೇಳಿಕೊಳ್ಳುತ್ತೇನೆ. ಕೇಳಿತು ಎನ್ನಲಾರೆ, ಕೇಳಲಿಲ್ಲ ಎನ್ನಲೂ ಆರೆ. ಹನ್ನೊಂದು ವರ್ಷ ಕೇಳಿದ ಸದ್ದು, ಕಿವಿ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಬೆಂಕಿ ಹತ್ತಿದಾಗ ನನಗೆ ಅವಳ ನೆನಪಾಗಲಿಲ್ಲ ಎಂದುಕೊಳ್ಳಬೇಡಿ. ಆಯಿತು. ಎರಡು ಸಲ ಫೋನು ಮಾಡಿದೆ. ಗಂಟೆ ಹೊಡೆಯಿತು, ಎತ್ತಲಿಲ್ಲ. ಫೋನು ಮನೆಯಲ್ಲೇ ಬಿಟ್ಟು ಹೋಗುವುದು ಅವಳ ಅಭ್ಯಾಸ. ಬೇಕರಿಯ ತಮ್ಮನನ್ನು ಬಸ್ ನಿಲ್ದಾಣಕ್ಕೆ ಓಡಿಸಿದೆ. ‘ಅಕ್ಕ ಬರ್ತಾಳೆ, ಹೊಗೆ ನೋಡಿ ಗಾಬರಿ ಬೀಳ್ತಾಳೆ, ಎಲ್ಲ ಸರಿ ಇದೆ ಅಂತ ನಿಧಾನಕ್ಕೆ ಹೇಳು’ ಎಂದೆ. ಪಾಪ, ಅವರು ನಾಲ್ಕು ಬಸ್ಸು ಬರುವವರೆಗೂ ಅಲ್ಲೇ ನಿಂತಿದ್ದರು. ಇಳಿದ ಹೆಂಗಸರ ಮುಖವನ್ನೆಲ್ಲ ನೋಡುತ್ತಿದ್ದರು.

ಬೆಂಕಿಯ ಬಗ್ಗೆ ಆಮೇಲೆ ಇಲಾಖೆ ನಡೆಸಿದ ವಿಚಾರಣೆಯಲ್ಲಿ ನಾನು ಹೇಳದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ.

ಏಣಿಯವರು ಎರಡನೇ ಮಹಡಿಯಿಂದ ಮೇಷ್ಟರನ್ನು ಹೊತ್ತು ತಂದು ನರ್ಸಮ್ಮನ ಕೈಗೆ ಕೊಟ್ಟರು. ಮುಖವಾಡ ಸರಿಸಿ ಉಸಿರೆಳೆದುಕೊಂಡರು. ‘ಮೇಲೆ ಏಳರ ಬಾಗಿಲು ಮುಚ್ಚಿದೆ, ಒಡೆದು ನೋಡ್ಕೊಂಡು ಬರ್ತೀನಿ’ ಎಂದು ತಿರುಗಿದರು. ಮುಚ್ಚಿದ ಬಾಗಿಲನ್ನು ಒಡೆದು ನೋಡಬೇಕು, ಅದು ಅವರ ನಿಯಮ. ನಾನು ಅವರ ತೋಳು ಹಿಡಿದೆ. ಈ ಕೈಯಿಂದಲೇ ಹಿಡಿದೆ. ‘ಏಳರಲ್ಲಿ ಯಾರೂ ಇಲ್ಲ, ಬೋರ್ಡ್ ನೋಡಿ!’ ಎಂದೆ. ‘ಒಂದ್ಸಲ ನೋಡಿಬಿಡ್ತೀನಿ ಯಜಮಾನ್ರೇ’ ಎಂದರು. ‘ಅದು ನನ್ನ ತಂಗಿ ಮನೆ ಕಣ್ರೀ! ನನಗೆ ಗೊತ್ತಿರಲ್ವಾ? ಹನ್ನೊಂದಕ್ಕೆ ಹೋಗಿ, ಅಲ್ಲಿ ಮಗು ಇದೆ!’ ಎಂದು ಕಿರುಚಿದೆ. ಅವರು ಬೋರ್ಡು ನೋಡಿದರು, ನನ್ನ ಮುಖ ನೋಡಿದರು. ಅಣ್ಣನೇ ಹೇಳುವಾಗ ಯಾರು ತಾನೇ ನಂಬುವುದಿಲ್ಲ? ಏಳರ ಬಾಗಿಲು ದಾಟಿ ಮೇಲೆ ಹೋದರು. ಮಗುವನ್ನೂ ಅಜ್ಜಿಯನ್ನೂ ತಂದರು. ಅವರು ಇಳಿದ ಮೇಲೆ ಆ ಮೆಟ್ಟಿಲನ್ನು ಯಾರಿಂದಲೂ ಹತ್ತಲಾಗಲಿಲ್ಲ.

ಮಗುವಿನ ತಾಯಿ, ನೀವು ತಲೆ ತಗ್ಗಿಸಬೇಡಿ ಅಮ್ಮ. ನಿಮ್ಮ ಮಗು ಬದುಕಿದ್ದಕ್ಕೆ ನನಗೆ ಸಂಕಟವಿಲ್ಲ. ಮೊದಲು ಏಳಕ್ಕೆ ಹೋಗಿದ್ದರೆ ಹನ್ನೊಂದಕ್ಕೆ ಹೊತ್ತು ಸಾಲುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು? ಎರಡೂ ಆಗುತ್ತಿತ್ತೇನೋ. ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ, ಆ ನಿರ್ಧಾರ ಅವರದಾಗಿರಲಿಲ್ಲ.

ಐದು ಗಂಟೆಗೆ ಬೆಂಕಿ ಆರಿದ ಮೇಲೆ ಏಳರ ಬಾಗಿಲು ಒಡೆದವರು ಏಣಿಯವರೇ. ಅವಳು ಬಾಗಿಲ ಹತ್ತಿರವೇ ಇದ್ದಳು. ಹೊಗೆ, ಬೇರೇನೂ ಅಲ್ಲ ಎಂದು ವೈದ್ಯರು ಹೇಳಿದರು. ಮಿಷನ್ನಿನ ಮೇಲೆ ಆ ಅಂಗಿ ಇತ್ತು, ಮೂರು ಗುಂಡಿ ಹಾಕಿ ಆಗಿತ್ತು.

ಒಂದು ವಾರದ ಮೇಲೆ ಏಣಿಯವರು ನನ್ನನ್ನು ನೋಡಲು ಬಂದರು. ನಾವೆಲ್ಲ ಆಗ ಶಾಲೆಯ ಕೋಣೆಗಳಲ್ಲಿ ಉಳಿದಿದ್ದೆವು. ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತು ಹೇಳಿದರು, ‘ತಂಗೀನ ಕಳ್ಕೊಂಡಿದ್ದೀರಿ. ಅದರ ಮೇಲೆ ಇದನ್ನೂ ಹೊರೋದು ಬೇಡ ಯಜಮಾನ್ರೇ. ನಿಯಮ ನನಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ. ವಿಚಾರಣೇಲಿ ನಾನೇ ಬಿಟ್ಟೆ ಅಂತೀನಿ.’ ನಾನು ಏನು ಹೇಳಬೇಕಿತ್ತು? ಬೇಡಪ್ಪ ಎನ್ನಬೇಕಿತ್ತು. ನಾನು ಕುಡಿಯಲು ನೀರು ಕೊಟ್ಟೆ. ಅಷ್ಟೇ ಕೊಟ್ಟೆ.

ವಿಚಾರಣೆಯಲ್ಲಿ ಅವರು ಹಾಗೇ ಹೇಳಿದರು. ನನ್ನನ್ನು ಕೇಳಿದಾಗ, ಬಿಲ್ಲೆ ಕೆಂಪಿತ್ತು ಎಂದೆ. ಯಾರು ತಿರುಗಿಸಿದ್ದು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಮರಳಿದಾಗ ಬಿಲ್ಲೆ ತಿರುಗಿಸಲು ಮೃತೆ ಮರೆತಿದ್ದರು ಎಂದು ಪತ್ರಿಕೆಯಲ್ಲಿ ಬಂತು. ಸಂತಾಪ ಹೇಳಲು ಬಂದವರೂ ಅದನ್ನೇ ಹೇಳಿದರು. ‘ಛೇ, ಒಂದು ಕ್ಷಣ ತಿರುಗಿಸಿದ್ದರೆ ಉಳೀತಿದ್ರಲ್ಲ’ ಎಂದರು. ನಾನು ತಲೆಯಾಡಿಸಿದೆ. ಸತ್ತವಳ ಮೇಲೆ ತಪ್ಪು ಹೊರಿಸಿ ತಲೆಯಾಡಿಸಿದೆ. ಅವಳು ಏನನ್ನೂ ಮರೆತಿರಲಿಲ್ಲ. ಅವಳ ಬಿಲ್ಲೆ ಯಾವತ್ತೂ ‘ಒಳಗೆ’ ಎಂದೇ ಇರುತ್ತಿತ್ತು. ನಾನು ಕೈ ಹಾಕದೆ ಬಿಟ್ಟಿದ್ದರೆ ಅಂದೂ ಹಾಗೇ ಇರುತ್ತಿತ್ತು, ಅದು ನಿಜವೂ ಆಗಿರುತ್ತಿತ್ತು.

ಏಣಿಯವರನ್ನು ಈಗ ಗಾಡಿ ಹತ್ತಲು ಬಿಡುತ್ತಿಲ್ಲ. ಠಾಣೆಯ ಹಿಂದಿನ ಅಂಗಳದಲ್ಲಿ ನೀರಿನ ಕೊಳವೆ ತೊಳೆದು ಒಣಹಾಕುತ್ತಾರೆ. ಕೆಲಸದಿಂದಲೇ ತೆಗೆಯಬೇಕೆಂದು ಒಂದು ದೂರು ಹೋಗಿದೆ. ಬರುವ ಸೋಮವಾರ ಅದರ ವಿಚಾರಣೆ. ದೂರು ಕೊಟ್ಟವಳು ನನ್ನ ತಂಗಿಯ ಮಗಳು, ಎರಡನೇ ಸಾಲಿನಲ್ಲಿ ಕುಳಿತಿದ್ದಾಳೆ. ಬೇರೆ ಊರಿನಲ್ಲಿ ಪಾಠ ಹೇಳುವವಳು, ಬೆಂಕಿಯ ದಿನಕ್ಕೆ ಅವಳು ಅಮ್ಮನನ್ನು ನೋಡಿ ನಾಲ್ಕು ತಿಂಗಳಾಗಿತ್ತು. ದೂರು ಬರೆಯಬೇಕೆಂದಾಗ ನನ್ನ ಹತ್ತಿರ ಬಂದಳು. ‘ಮಾವ, ನಿಮ್ಮ ಅಕ್ಷರದಲ್ಲಿ ಬರೆದುಕೊಡಿ, ಓದೋರು ಪೂರ್ತಿ ಓದ್ತಾರೆ’ ಎಂದಳು. ನಾನು ಬರೆದುಕೊಟ್ಟೆ, ಸಭಿಕರೇ. ಬಿಳಿ ಹಾಳೆಯ ಮೇಲೆ, ಅಂಚು ಬಿಟ್ಟು, ಒಂದೂ ಕಾಟು ಹೊಡೆಯದೆ. ‘ಕರ್ತವ್ಯಲೋಪ’ ಎಂಬ ಪದವನ್ನು ಸ್ವಲ್ಪ ದಪ್ಪಗೆ ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಗೆರೆ ನೇರವಾಗಿ ಬಂದಿದೆಯೇ ಎಂದು ಹಾಳೆ ದೂರ ಹಿಡಿದು ನೋಡಿದೆ. ಎಂಥ ಮನುಷ್ಯ ನಾನು?

ಹಿರಿಯ ಅಧಿಕಾರಿಗಳೇ, ನೀವು ಬರೆದುಕೊಳ್ಳಬೇಕಾದರೆ ಬರೆದುಕೊಳ್ಳಿ. ಏಳನೇ ಬಿಲ್ಲೆ ತಿರುಗಿಸಿದವನು ನಾನು. ಏಣಿಯವರನ್ನು ತಡೆದವನು ನಾನು. ಸೋಮವಾರ ಅಲ್ಲಿಗೂ ಬಂದು ಇದನ್ನೇ ಹೇಳುತ್ತೇನೆ. ಅಧ್ಯಕ್ಷರೇ, ಸನ್ಮಾನ ಏಳು ಮಂದಿಗೇ ಸಾಕು. ನನ್ನ ಹೆಸರು ಕೂಗಬೇಡಿ.

ಪುಟ್ಟಿ, ಇದನ್ನು ನಿನ್ನ ಮುಂದೆ ಕೂತು ಹೇಳಬೇಕಿತ್ತು. ಮೂರು ತಿಂಗಳು ಪ್ರತಿದಿನ ಹೇಳೋಣವೆಂದು ಹೊರಟು, ನೀನು ಫೋನಿನಲ್ಲಿ ‘ಮಾವ ಊಟ ಆಯ್ತಾ?’ ಎಂದು ಕೇಳಿದ ಕೂಡಲೇ ‘ಆಯ್ತಮ್ಮ’ ಎಂದು ಇಟ್ಟುಬಿಟ್ಟೆ. ನನಗೆ ಇನ್ನು ಉಳಿದಿರುವವಳು ನೀನೊಬ್ಬಳು. ನೀನೂ ಹೋಗುತ್ತೀಯ ಎಂಬ ಹೆದರಿಕೆಗೆ ಒಬ್ಬ ಒಳ್ಳೆಯ ಮನುಷ್ಯನ ಅನ್ನ ಕಿತ್ತುಕೊಳ್ಳಲು ಹೊರಟೆ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ನಿನಗೆ ಬೇರೆ ದೂರು ಬರೆಯಬೇಕು ಎನ್ನಿಸಿದರೆ ನನ್ನ ಮೇಲೆ ಬರೆ, ನಿನ್ನ ಕೈಯಿಂದಲೇ ಬರೆ.

ಇಲ್ಲ, ಅವಳನ್ನು ಯಾರೂ ಹಿಡಿದು ಕೂರಿಸಬೇಡಿ. ದಯವಿಟ್ಟು ಕುರ್ಚಿ ಸರಿಸಿ ದಾರಿ ಬಿಡಿ. ಪುಟ್ಟಿ, ಹೋಗಮ್ಮ. ಆದರೆ ಪಕ್ಕದ ಬಾಗಿಲಿನಿಂದ ಬೇಡ, ಹಿಂದಿನ ಬಾಗಿಲಿನಿಂದ ಹೋಗು. ಅವರು ಅಲ್ಲಿ ನಿಂತಿದ್ದಾರೆ. ನಿನ್ನಮ್ಮನನ್ನು ಎತ್ತಿಕೊಂಡು ಮೆಟ್ಟಿಲು ಇಳಿದವರು ಅವರು. ನನಗೆ ಆ ಹೊತ್ತಿನಲ್ಲಿ ನೋಡುವ ಧೈರ್ಯ ಬರಲಿಲ್ಲ. ಅವಳು ಹೇಗಿದ್ದಳು ಎಂದು ನೀನು ನನ್ನನ್ನು ಎಷ್ಟೋ ಸಲ ಕೇಳಿದ್ದೀಯಲ್ಲ, ಅವರನ್ನು ಕೇಳು.

ಇಷ್ಟು ಹೊತ್ತು ನನ್ನ ಮಾತನ್ನು ತಡೆಯದೆ ಕೇಳಿದ ನಿಮ್ಮೆಲ್ಲರಿಗೂ, ಅಂದು ಬಂದವರೆಲ್ಲರಿಗೂ, ಬಾಗಿಲಲ್ಲಿ ನಿಂತಿರುವವರಿಗೆ ಎಲ್ಲರಿಗಿಂತ ಮೊದಲು, ನನ್ನ ನಮಸ್ಕಾರ.